ಕಥೆಯಲ್ಲಿ, ಕಿರುಚಿತ್ರದಲ್ಲಿ ಮನೋರೋಗಿಯ ಪಾತ್ರ ಬರೆಯುವುದು ಹೇಗೆ: ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಈಗ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಜಾಸ್ತಿ. ಒಳ್ಳೆಯದೇ. ಸಕಲೇಶಪುರದ ಮಂಜು, ಬೇಲೂರಿನ ಬೀದಿ, ಮೂಡಿಗೆರೆಯ ತೋಟ, ಎಲ್ಲ ಪುಕ್ಕಟೆ ಲೊಕೇಶನ್. ಓದಿ ಹೇಳಿ ಅಂತ ಅವರು ಕಳಿಸುವ ಸ್ಕ್ರಿಪ್ಟುಗಳಲ್ಲಿ ಮಾತ್ರ ಹುಚ್ಚರು ಎಲ್ಲರೂ ಒಂದೇ ಥರ ಇರುತ್ತಾರೆ. ಗಂಡಸಾದರೆ ಹರಿದ ಕೋಟು ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಾನೆ, ಕೊನೆಯ ಸೀನಿನಲ್ಲಿ ಊರಿನವರಿಗೆ ಯಾರಿಗೂ ಹೊಳೆಯದ ದೊಡ್ಡ ಸತ್ಯ ಒಂದನ್ನು ಹೇಳಿ ಎದ್ದು ಹೋಗುತ್ತಾನೆ. ಹೆಂಗಸಾದರೆ ಕೂದಲು ಬಿಚ್ಚಿಕೊಂಡು ಹಳೇ ಬಂಗಲೆಯ ಮೆಟ್ಟಿಲ ಮೇಲೆ ನಿಂತು ಗಹಗಹಿಸಿ ನಗುತ್ತಾಳೆ. ಇಬ್ಬರಿಗೂ ಏನು ಕಾಯಿಲೆ, ಯಾವಾಗಿಂದ, ಊಟ ಹಾಕುವವರು ಯಾರು, ರಾತ್ರಿ ಎಲ್ಲಿ ಮಲಗುತ್ತಾರೆ? ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ತಲೆ ಕೆಟ್ಟ ದಿನವನ್ನು ಬಿಡಿ, ಮಾತ್ರೆ ತೆಗೆದುಕೊಂಡು ಮನೆಗೆ ವಾಪಸ್ ಬಂದ ಮೇಲಿನ ದಿನಗಳನ್ನು ಬರೆಯಿರಿ. ಕಥೆ ಇರುವುದು ಅಲ್ಲಿ.

ಮೊದಲು ಕಾಯಿಲೆ ಯಾವುದು ಅಂತ ತೀರ್ಮಾನ ಮಾಡಿ

ಕಥೆಯಲ್ಲಿ ಕಾಯಿಲೆಯ ಹೆಸರು ಹೇಳಬೇಕು ಅಂತೇನೂ ಇಲ್ಲ. ಬರೆಯುವವರಿಗೆ ಗೊತ್ತಿರಬೇಕು, ಅಷ್ಟೇ. ಒಂದೇ ಪಾತ್ರ ಒಂದು ಸೀನಿನಲ್ಲಿ ಗೋಡೆ ಜೊತೆ ಮಾತಾಡಿ, ಇನ್ನೊಂದು ಸೀನಿನಲ್ಲಿ ಬೇರೆ ಮನುಷ್ಯನಾಗಿ ಬದಲಾಗಿ, ಮೂರನೇ ಸೀನಿನಲ್ಲಿ ಹೆಂಡತಿಯ ಹೆಸರು ಮರೆತರೆ ಅದು ಮೂರು ಬೇರೆ ಬೇರೆ ತೊಂದರೆ. ಸಿನಿಮಾದವರಿಗೆ ಎಲ್ಲ ಒಂದೇ ಮೂಟೆ.

ಸ್ಕಿಜೋಫ್ರೇನಿಯಾ ಅಂದರೆ ಒಬ್ಬನೊಳಗೆ ಇಬ್ಬರು ಇರುವುದು ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಅದು ಹೆಚ್ಚಾಗಿ ಹದಿನೆಂಟು, ಇಪ್ಪತ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಶುರುವಾಗುತ್ತದೆ. ಅದರಲ್ಲಿ ಕಣ್ಣಿಗೆ ಏನೋ ಕಾಣುವುದಕ್ಕಿಂತ ಕಿವಿಗೆ ಧ್ವನಿ ಕೇಳುವುದು ಜಾಸ್ತಿ. ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ, ತಾನು ಮಾಡುವ ಕೆಲಸವನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ, ಬೈಯುತ್ತಾರೆ. ಗಣಿತಜ್ಞ ಜಾನ್ ನ್ಯಾಶ್ ಬಗ್ಗೆ 2001ರಲ್ಲಿ ಬಂದ 'ಎ ಬ್ಯೂಟಿಫುಲ್ ಮೈಂಡ್' ಸಿನಿಮಾದಲ್ಲಿ ಅವರ ಕಣ್ಣಿಗೆ ಇಲ್ಲದ ಮನುಷ್ಯರು ಕಾಣುತ್ತಾರೆ. ನಿಜದ ನ್ಯಾಶ್‌ಗೆ ಕೇಳುತ್ತಿದ್ದದ್ದು ಧ್ವನಿಗಳು. ತೆರೆಯ ಮೇಲೆ ಮನುಷ್ಯರನ್ನು ತೋರಿಸುವುದು ಸುಲಭ, ಅದಕ್ಕೇ ಹಾಗೆ ಮಾಡಿದರು. ಒಪ್ಪೋಣ. ಆದರೆ ಆಮೇಲೆ ಬಂದವರೆಲ್ಲ ಅದನ್ನೇ ನೋಡಿ ನಕಲು ಮಾಡಿದರು. ಅದೇ ಸಿನಿಮಾದ ನ್ಯಾಶ್ ಹೊಸ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅನ್ನುತ್ತಾರೆ, ನಿಜದ ನ್ಯಾಶ್ 1970ರ ಹೊತ್ತಿಗೇ ಔಷಧಿ ಬಿಟ್ಟಿದ್ದರು. ನೋಡಿದವರು ಮಾತ್ರೆ ಬಿಟ್ಟುಬಿಡಬಾರದಲ್ಲ ಅನ್ನುವ ಕಾರಣಕ್ಕೆ ನೋಡಿದರೆ ಈ ಸುಳ್ಳು ನನಗೆ ತಪ್ಪು ಅನ್ನಿಸುವುದಿಲ್ಲ.

ಕಣ್ಣಿಗೆ ಹಾವು, ಇರುವೆ, ಹುಳ ಕಾಣಬೇಕು ಅಂತಿದ್ದರೆ ನಮ್ಮ ಕಡೆಗೆ ಸರಿಯಾಗಿ ಹೊಂದುವ ಕಾರಣ ಒಂದಿದೆ: ಕುಡಿತ ಬಿಟ್ಟಾಗ ಆಗುವ ಸನ್ನಿ. ವರ್ಷಗಟ್ಟಲೆ ದಿನಾ ಕುಡಿದ ಮನುಷ್ಯ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರುತ್ತಾನೆ. ಅಲ್ಲಿ ಕುಡಿಯಲು ಸಿಗುವುದಿಲ್ಲ. ಎರಡು ಮೂರು ದಿನಕ್ಕೆ ಕೈ ನಡುಗುತ್ತದೆ, ಮೈ ಬೆವರುತ್ತದೆ, ರಾತ್ರಿ ಎದ್ದು ಹಾಸಿಗೆ ಮೇಲೆ ಹಾವು ಇದೆ ಅಂತ ಚಾದರ ಕೊಡವುತ್ತಾನೆ, ತಾನು ಎಲ್ಲಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಜೊತೆಯಲ್ಲಿದ್ದ ಹೆಂಡತಿ ತೋಟದಲ್ಲಿ ಏನೋ ಸೋಕಿದೆ ಅಂದುಕೊಳ್ಳುತ್ತಾಳೆ. ಇದಕ್ಕೆ ಚಿಕಿತ್ಸೆ ಇದೆ, ಕೊಡದಿದ್ದರೆ ಜೀವಕ್ಕೇ ಅಪಾಯ. ಹತ್ತು ನಿಮಿಷದ ಸಿನಿಮಾಕ್ಕೆ ಇಷ್ಟು ಸಾಕಲ್ವಾ? ಸೀರಿಯಲ್ ಕಿಲ್ಲರ್ ಯಾಕೆ ಬೇಕು?

ಬಾಣಂತಿ ಸನ್ನಿ ಇನ್ನೊಂದು. ಸಾವಿರ ಹೆರಿಗೆಗೆ ಒಂದೋ ಎರಡೋ ಆಗುತ್ತದೆ, ಹೆಚ್ಚಿನ ಸಲ ಮೊದಲ ಎರಡು ವಾರದಲ್ಲೇ. ನಿದ್ದೆ ಹೋಗುತ್ತದೆ, ಮಗು ತನ್ನದಲ್ಲ ಅನ್ನಿಸುತ್ತದೆ, ಇಲ್ಲದ ಅನುಮಾನ. ಮನೆ ತುಂಬ ನೆಂಟರು ಇರುವ ಹೊತ್ತಿಗೇ ಆಗುವುದರಿಂದ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇಗ ಆಸ್ಪತ್ರೆಗೆ ಹೋದರೆ ವಾಸಿಯಾಗುತ್ತದೆ.

ಖಿನ್ನತೆ ಬರೆಯುವವರು ಪಾತ್ರವನ್ನು ಕಿಟಕಿ ಪಕ್ಕ ಕೂರಿಸಿ ಮಳೆ ತೋರಿಸುತ್ತಾರೆ. ನಮ್ಮ ಊರುಗಳಲ್ಲಿ ಯಾರೂ "ನನಗೆ ಖಿನ್ನತೆ" ಅಂತ ಬರುವುದಿಲ್ಲ. ತಲೆ ಉರಿ, ಎದೆ ಭಾರ, ಕೈಕಾಲು ಜೋಮು, ಊಟ ಸೇರಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಹೀಗೆ ಹೇಳುತ್ತಾರೆ. ಗ್ಯಾಸ್ ಮಾತ್ರೆ, ಬಿ ಕಾಂಪ್ಲೆಕ್ಸ್, ಗ್ಲೂಕೋಸ್ ಬಾಟ್ಲಿ, ಸ್ಕ್ಯಾನಿಂಗ್ ಎಲ್ಲ ಮುಗಿದ ಮೇಲೆ ಯಾರಾದರೂ ಮನೋವೈದ್ಯರ ಹೆಸರು ಎತ್ತುತ್ತಾರೆ. ಅರಕಲಗೂಡಿನ ಒಬ್ಬ ಅಮ್ಮನನ್ನು ಬರೆಯುವುದಾದರೆ ಅವರ ಕೈಚೀಲದಲ್ಲಿರುವ ಹಳೇ ಚೀಟಿಗಳ ಕಟ್ಟನ್ನು ತೋರಿಸಿ. ಕಿಟಕಿ, ಮಳೆ ಬೇಡ.

ಮರೆವಿನ ಕಾಯಿಲೆಯಲ್ಲಿ ಮೊದಲು ಹೋಗುವುದು ನಿನ್ನೆ ಮೊನ್ನೆಯದು. ಐವತ್ತು ವರ್ಷದ ಹಿಂದಿನ ಗದ್ದೆ ಜಗಳ ನೆನಪಿರುತ್ತದೆ, ಆಗ ತಾನೇ ತಿಂಡಿ ತಿಂದದ್ದು ನೆನಪಿರುವುದಿಲ್ಲ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿ. ಅಲ್ಝೈಮರ್ಸ್ ಇರುವ ಅಪ್ಪನಾಗಿ ಅನಂತನಾಗ್ ಎಲ್ಲೂ ಕಣ್ಣು ತಿರುಗಿಸುವುದಿಲ್ಲ, ಕಿರುಚುವುದಿಲ್ಲ. ಕಳೆದುಹೋದ ಮನುಷ್ಯನ ಸಭ್ಯತೆ ಹಾಗೇ ಉಳಿದಿರುತ್ತದೆ, ಅದೇ ನೋಡುವವರಿಗೆ ಕಷ್ಟ ಕೊಡುತ್ತದೆ.

ಒಂದೇ ಏಟಿಗೆ ತಲೆ ಕೆಡಿಸಬೇಡಿ

ಪ್ರೀತಿ ಮುರಿಯಿತು, ಹುಚ್ಚ ಆದ. ಗಂಡ ಸತ್ತ, ಹುಚ್ಚಿ ಆದಳು. ಇಂಟರ್‌ವಲ್‌ಗೆ ಅನುಕೂಲ, ನಿಜದಲ್ಲಿ ಹೀಗೆ ಆಗುವುದು ಅಪರೂಪ. ವಂಶದಲ್ಲಿ ಇದ್ದದ್ದು, ನಿದ್ದೆ ಕೆಟ್ಟದ್ದು, ಸಾಲ, ಗಾಂಜಾ, ಒಂಟಿತನ, ಹೆರಿಗೆ, ಎಲ್ಲ ಸೇರಿಕೊಂಡು ನಿಧಾನಕ್ಕೆ ಬರುತ್ತದೆ. ಎಷ್ಟೋ ಸಲ ಇಂಥದ್ದೇ ಕಾರಣ ಅಂತ ಹೇಳಲೂ ಆಗುವುದಿಲ್ಲ.

ನಿಧಾನಕ್ಕೆ ಹೇಗೆ ಕಟ್ಟುವುದು ಅನ್ನುವುದಕ್ಕೆ ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಇದೆಯಲ್ಲ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ತಬರ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಪ್ರತಿ ಸಲ ಒಂದು ಕಾಗದ ಕಡಿಮೆ ಇರುತ್ತದೆ. ಕೊನೆಗೆ ಅವನು ಬೀದಿಯಲ್ಲಿ ಕೂಗಾಡುವಾಗ, ಇಷ್ಟಾದ ಮೇಲೂ ಕೂಗದೆ ಇರುವ ಉಳಿದವರಿಗೆ ಏನಾಗಿದೆ ಅಂತ ನಮಗೇ ಅನ್ನಿಸುತ್ತದೆ. ನೀವೂ ಬಸ್ ಸ್ಟ್ಯಾಂಡಿನ ಕೋಟಿನವನನ್ನು ಬರೆಯಲೇಬೇಕು ಅಂತಿದ್ದರೆ ಮೊದಲು ಅವನ ಕೋಟು ಯಾರದ್ದು, ಅವನ ರೇಷನ್ ಕಾರ್ಡ್ ಯಾರ ಹತ್ತಿರ ಇದೆ, ಅವನ ಪಾಲಿನ ಜಮೀನು ಈಗ ಯಾರು ಮಾಡುತ್ತಿದ್ದಾರೆ ಅಂತ ಬರೆದುಕೊಳ್ಳಿ. ಅಣ್ಣತಮ್ಮಂದಿರಿಗೆ ಒಬ್ಬ ಹುಚ್ಚ ಆಗಿಯೇ ಇರುವುದು ಅನುಕೂಲ ಆಗಿರುವ ಮನೆಗಳೂ ಇವೆ.

ಕಥೆ ಶುರುವಾಗಬೇಕಾದ್ದು ಮನೆಗೆ ವಾಪಸ್ ಬಂದ ದಿನದಿಂದ

ಇದನ್ನು ನಮಗೆ ಕಲಿಸಿದವರು ತ್ರಿವೇಣಿ. ಮನಃಶಾಸ್ತ್ರ ಓದಿದ್ದವರು. 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. ಅವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1970ರ ದಶಕದ ಶುರುವಿನಲ್ಲಿ ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. (ಅದೇ ತ್ರಿವೇಣಿಯವರ 'ಬೆಳ್ಳಿಮೋಡ'ಕ್ಕೆ ನಮ್ಮ ಚಿಕ್ಕಮಗಳೂರು ಕಡೆಯೇ ಶೂಟಿಂಗ್ ಆಗಿತ್ತು, ಹಳಬರು ಈಗಲೂ ಹೇಳಿಕೊಳ್ಳುತ್ತಾರೆ.) ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಬೇರೆಯವರಾಗಿದ್ದರೆ ಅಲ್ಲಿಗೆ ಶುಭಂ ಹಾಕುತ್ತಿದ್ದರು. ತ್ರಿವೇಣಿಗೆ ಅಲ್ಲಿಂದಲೇ ಕಥೆ. ಗಂಡ ಹತ್ತಿರ ಬರುವುದಿಲ್ಲ. ಮನೆಗೆ ಬಂದವರು ಅವಳ ಮುಖ ನೋಡಿ ಮಾತು ನಿಲ್ಲಿಸುತ್ತಾರೆ. ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಎಲ್ಲರಂತೆ ಸಿಟ್ಟು ಮಾಡುವ ಹಕ್ಕೇ ಅವಳಿಗೆ ಹೋಗಿಬಿಟ್ಟಿರುತ್ತದೆ.

ಇಷ್ಟು ವರ್ಷ ಆದ ಮೇಲೂ ನಮ್ಮ ಸಿನಿಮಾಗಳು ಅಲ್ಲಿಂದ ಮುಂದೆ ಹೋಗಿಲ್ಲ ಅಂತಲೇ ನನ್ನ ಅಭಿಪ್ರಾಯ, ಹಿಂದಕ್ಕೇ ಹೋಗಿವೆ ಅಂದರೂ ತಪ್ಪಿಲ್ಲ.

ಸರಿ, ನೀವು ಹೇಗೆ ಮಾಡಬಹುದು? ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ, ಹೆಸರು ಶಂಕರ. ಮೂಡಿಗೆರೆ ಕಡೆಯ ತೋಟ. ಅಪ್ಪ ತೋಟದ ಲೆಕ್ಕ ಬರೆಯುವ ರೈಟರ್, ಅಮ್ಮ ಕಾಫಿ ಹಣ್ಣು ಕುಯ್ಯಲು ಹೋಗುತ್ತಾಳೆ. ಶಂಕರ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದವನು ಅರ್ಧಕ್ಕೆ ಬಿಟ್ಟು ಬಂದ. ಮೊದಲು ಎಲ್ಲರ ಜೊತೆ ಕೂತು ಉಣ್ಣುವುದು ಬಿಟ್ಟ. ಆಮೇಲೆ ಮೊಬೈಲಿನ ಸಿಮ್ ತೆಗೆದು ಬಚ್ಚಲ ಒಲೆಗೆ ಹಾಕಿದ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಓಡುವಾಗ ಅದರ ಸದ್ದಿನೊಳಗೆ ತನ್ನ ಹೆಸರು ಕೇಳುತ್ತದೆ ಅಂತ ಕಣದ ಕಡೆ ಹೋಗುವುದನ್ನೇ ಬಿಟ್ಟ. ಇವು ಮೂರೂ ತಿಂಗಳುಗಳ ಅಂತರದಲ್ಲಿ ಆದವು. ಮನೆಯವರು ಒಂದಕ್ಕೊಂದು ಸೇರಿಸಿ ನೋಡಲಿಲ್ಲ. ಇಷ್ಟನ್ನು ನಾನಾದರೆ ಎರಡು ನಿಮಿಷದಲ್ಲಿ ಮುಗಿಸಿ ಮುಂದೆ ಹೋಗುತ್ತೇನೆ.

ಈಗ ಅವನು ಚಿಕಿತ್ಸೆ ತೆಗೆದುಕೊಂಡು ಬಂದಿದ್ದಾನೆ. ಧ್ವನಿ ಕಡಿಮೆಯಾಗಿದೆ. ಮೈ ಊದಿಕೊಂಡಿದೆ, ಹಳೇ ಪ್ಯಾಂಟು ಹಿಡಿಸುವುದಿಲ್ಲ. ಕೈ ಸ್ವಲ್ಪ ನಡುಗುತ್ತದೆ. ಅದಕ್ಕೆ ಅಮ್ಮ ಲೋಟಕ್ಕೆ ಅರ್ಧವೇ ಕಾಫಿ ಹಾಕಿ ಕೊಡುತ್ತಾಳೆ, ಚೆಲ್ಲಬಾರದಲ್ಲ. ಅವನು ಕುಡಿದ ಮೇಲೆ ಏನೂ ಹೇಳದೆ ಇನ್ನರ್ಧ ಹಾಕುತ್ತಾಳೆ. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆವರೆಗೂ ಬಿಡುವುದಿಲ್ಲ, ಕೆಲಸಕ್ಕೆ ಎಂಟು ಗಂಟೆಗೆ ಹಾಜರಿ, ಅವನು ಏಳುವ ಹೊತ್ತಿಗೆ ಆಳುಗಳೆಲ್ಲ ತೋಟ ಸೇರಿರುತ್ತಾರೆ. ಮರಗಸಿ ಕತ್ತಿ ಯಾವಾಗಲೂ ಬಾಗಿಲ ಹಿಂದೆ ಇರುತ್ತಿತ್ತು, ಈಗ ಅಟ್ಟದ ಮೇಲೆ ಹೋಗಿದೆ. ಯಾರೂ ಅದರ ಬಗ್ಗೆ ಮಾತಾಡಿಲ್ಲ. ಅವನು ನೋಡಿದ್ದಾನೆ. ಕೊಯ್ಲಿನ ಹೊತ್ತಿಗೆ ಅವನೂ ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗುತ್ತಾನೆ. ಸಂಜೆ ತೂಕ ಹಾಕುವಾಗ ಅವನ ಚೀಲದ ಕೆ.ಜಿ.ಯನ್ನು ಅಮ್ಮನ ಹೆಸರಿನ ಮುಂದೆ ಬರೆಯುತ್ತಾರೆ. ಬರೆಯುವವನು ಅವನ ಅಪ್ಪನೇ.

ಇಲ್ಲಿ ಯಾರೂ ಕಿರುಚಿಲ್ಲ. ಆದರೆ ಆ ಮನೆಯಲ್ಲಿ ಅವನ ಜಾಗ ಎಷ್ಟು ಉಳಿದಿದೆ ಅಂತ ಗೊತ್ತಾಯಿತು. ನೀವು ಇಂಥವು ನಾಲ್ಕು ಹುಡುಕಿಕೊಂಡರೆ ಡೈಲಾಗ್ ಬರೆಯುವ ಕೆಲಸವೇ ಅರ್ಧ ಇಳಿಯುತ್ತದೆ.

ಮದುವೆ ವಿಷಯ ಬಂದೇ ಬರುತ್ತದೆ. "ಮದುವೆ ಮಾಡಿ, ಸರಿಹೋಗ್ತಾನೆ" ಅನ್ನುವ ಚಿಕ್ಕಪ್ಪ ಇಲ್ಲದ ಮನೆ ಇಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ ಗಾದೆಯನ್ನೇ ಮಾಡಿಟ್ಟಿದ್ದೇವೆ. ಹೆಣ್ಣಿನ ಕಡೆಯವರಿಗೆ ಹೇಳದೆ ಮದುವೆ ಮಾಡಿ, ಹೊಸ ಸೊಸೆಗೆ ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸಿ, ಕಾಯಿಲೆ ಮರುಕಳಿಸಿದಾಗ "ಅವಳ ಕಾಲ್ಗುಣ" ಅನ್ನುವುದು ನಮ್ಮ ಕಡೆ ಹೊಸ ಕಥೆಯಲ್ಲ. ಆದರೆ ಆ ಸೊಸೆಯ ಕಡೆಯಿಂದ ಅದನ್ನು ಯಾರೂ ಬರೆದುಕೊಟ್ಟಿಲ್ಲ, ನನ್ನ ಕೈಗಂತೂ ಬಂದಿಲ್ಲ. ಯಾರಾದರೂ ಬರೆಯಿರಿ.

ದೆವ್ವ, ಚೌಡಿ, ಮಾಟ

ಮಲೆನಾಡಿನಲ್ಲಿ ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಮನೆಯವರು ಮೊದಲು ಹೋಗುವುದು ನಿಮಿತ್ತ ಕೇಳಲು, ತಾಯತ ಕಟ್ಟಿಸಲು, ಚೌಡಿಗೆ ಹರಕೆ ಹೇಳಿಕೊಳ್ಳಲು. ಅವರನ್ನು ಮೂರ್ಖರು ಅಂತ ತೋರಿಸಿದರೆ ನಿಮ್ಮ ಸಿನಿಮಾ ಅವರ ಮನೆ ಬಾಗಿಲು ದಾಟುವುದಿಲ್ಲ. ದೆವ್ವವೇ ನಿಜ ಅಂತ ತೋರಿಸಿದರೆ ಯಾರದ್ದೋ ಮಗಳ ಚಿಕಿತ್ಸೆ ಇನ್ನೂ ಒಂದು ವರ್ಷ ಮುಂದೆ ಹೋಗುತ್ತದೆ. ನಿಜದಲ್ಲಿ ಹೆಚ್ಚಿನ ಮನೆಗಳು ಎರಡನ್ನೂ ಮಾಡುತ್ತವೆ. ಹಾಸನಾಂಬೆಯ ಬಾಗಿಲು ತೆಗೆದಾಗ ಸಾಲಿನಲ್ಲಿ ನಿಂತು ಹರಕೆ ಹೇಳಿಕೊಂಡವರೇ ಮರುದಿನ ಆಸ್ಪತ್ರೆಯ ಓಪಿಡಿ ಸಾಲಿನಲ್ಲೂ ನಿಲ್ಲುತ್ತಾರೆ. ಕೈಯಲ್ಲಿ ತಾಯತ, ಜೇಬಿನಲ್ಲಿ ಮಾತ್ರೆ. ಅದರಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ.

ಮೈಮೇಲೆ ಬರುವುದನ್ನು ನಾಟಕ ಅಂತ ಬರೆಯಬೇಡಿ. ಬಾಯಿಬಿಟ್ಟು ಹೇಳಲಾಗದ್ದು ಆ ರೂಪದಲ್ಲಿ ಹೊರಗೆ ಬರುವುದುಂಟು, ಬರುವವರಿಗೆ ಅದು ಬೇಕಂತಲೇ ಮಾಡಿದ್ದು ಅಲ್ಲ. 2004ರ 'ಆಪ್ತಮಿತ್ರ' ಈ ವಿಷಯದಲ್ಲಿ ಅರ್ಧ ದಾರಿ ಬಂದ ಸಿನಿಮಾ. ದೆವ್ವ ಅಲ್ಲ, ಕಾಯಿಲೆ ಅಂತ ಹೇಳಿತು, ಅದನ್ನು ಮನೋವೈದ್ಯನ ಬಾಯಲ್ಲೇ ಹೇಳಿಸಿತು, ಪೂಜೆ ಮಾಡುವವರನ್ನೂ ಜೊತೆಗೆ ಸೇರಿಸಿಕೊಂಡಿತು. ಆಮೇಲೆ ಒಂದೇ ರಾತ್ರಿಯಲ್ಲಿ ವಾಸಿ ಮಾಡಿಬಿಟ್ಟಿತು. ನಾಗವಲ್ಲಿಯಾಗಿ ನಟಿ ಸೌಂದರ್ಯ ಕಣ್ಣು ಅಗಲ ಮಾಡಿದ್ದು ಎಲ್ಲರಿಗೂ ನೆನಪಿದೆ, ಕಾಯಿಲೆ ಅಂದದ್ದು ಯಾರಿಗೂ ನೆನಪಿಲ್ಲ. ಆಮೇಲೆ ಬಂದ ಸ್ಕ್ರಿಪ್ಟುಗಳಲ್ಲೆಲ್ಲ ಒಬ್ಬಳು ನಾಗವಲ್ಲಿ ಇದ್ದೇ ಇದ್ದಾಳೆ!

ಆಸ್ಪತ್ರೆ ಸೀನು

ಹೆಚ್ಚು ಸುಳ್ಳು ಬರುವ ಜಾಗ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲನೆಯದಾಗಿ ನಿಮ್ಮ ಪಾತ್ರ ಆಸ್ಪತ್ರೆಗೆ ಹೋಗದೆಯೇ ಇರುವ ಸಾಧ್ಯತೆ ಜಾಸ್ತಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಹೋದರೂ ಸಿನಿಮಾದಲ್ಲಿ ಇರುವಂಥ ಕಬ್ಬಿಣದ ಗೇಟಿನ ಹುಚ್ಚಾಸ್ಪತ್ರೆಗೆ ಹೋಗುವುದಿಲ್ಲ. ಹಾಸನದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್‌ಗೆ ಹೋಗುತ್ತಾರೆ, ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾಯುತ್ತಾರೆ. ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಅನ್ನುವ ಸರ್ಕಾರಿ ಕಾರ್ಯಕ್ರಮ ಕರ್ನಾಟಕದಲ್ಲಿದೆ. ತೀರಾ ಜಾಸ್ತಿಯಾದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸ್. ಊರಿನಲ್ಲಿ "ಬೆಂಗಳೂರಿಗೆ ತೋರಿಸ್ತಿದಾರಂತೆ" ಅಂದರೆ ಮಿಕ್ಕದ್ದು ಎಲ್ಲರಿಗೂ ಅರ್ಥವಾಗುತ್ತದೆ. ಆ ಮಾತು ಸೊಸೈಟಿ ಮುಂದೆ ಹಾಲು ಹಾಕುವ ಸಾಲಿನಲ್ಲಿ ಹೇಗೆ ಓಡುತ್ತದೆ ಅಂತ ಬರೆದರೆ ಆಸ್ಪತ್ರೆಯ ಸೆಟ್ ಹಾಕುವ ಖರ್ಚೇ ಉಳಿಯಿತು.

ಎರಡನೆಯದು ಕರೆಂಟ್ ಕೊಡುವ ಸೀನು. ನಾಲ್ಕು ಜನ ಹಿಡಿದುಕೊಂಡು, ಕಿರುಚುತ್ತಿರುವ ಮನುಷ್ಯನ ತಲೆಗೆ ವೈರ್ ಇಡುವುದು ನಮ್ಮ ಸಿನಿಮಾಗಳಿಗೆ ಅಭ್ಯಾಸವಾಗಿದೆ. 1975ರಲ್ಲಿ ಬಂದ 'ಒನ್ ಫ್ಲೂ ಓವರ್ ದಿ ಕುಕ್ಕೂಸ್ ನೆಸ್ಟ್' ನೋಡಿದವರು ಅದನ್ನೇ ಇನ್ನೂ ಎತ್ತುತ್ತಿದ್ದಾರೆ. ಈ ಚಿಕಿತ್ಸೆ 1938ರಲ್ಲಿ ಇಟಲಿಯಲ್ಲಿ ಶುರುವಾಯಿತು, ಆಗ ಅರಿವಳಿಕೆ ಇರಲಿಲ್ಲ, ಅದು ನಿಜ. ಈಗ ಅರಿವಳಿಕೆ, ಸ್ನಾಯು ಸಡಿಲವಾಗುವ ಔಷಧಿ ಎರಡೂ ಕೊಟ್ಟೇ ಮಾಡಬೇಕು. ಅವಿಲ್ಲದೆ ಮಾಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಹೇಳುತ್ತದೆ. ರೋಗಿ ಮಲಗಿರುತ್ತಾನೆ, ಬೆರಳು ಸ್ವಲ್ಪ ಅಲ್ಲಾಡಬಹುದು, ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಎದ್ದ ಮೇಲೆ ಬೆಳಿಗ್ಗೆ ಏನಾಯಿತು ಅಂತ ನೆನಪಿಲ್ಲದಿರಬಹುದು. ಊಟ ನೀರು ಬಿಟ್ಟು ಮಲಗಿದ ಕೆಲವರಿಗೆ ಇದರಿಂದ ಬೇಗ ಗುಣ ಆಗುತ್ತದೆ. ಹೊರಗೆ ಬೆಂಚಿನ ಮೇಲೆ ಕೂತ ಅಣ್ಣ ಸಿನಿಮಾದಲ್ಲಿ ನೋಡಿದ್ದನ್ನು ನೆನೆದು ಬೆವರುತ್ತಿರುತ್ತಾನಲ್ಲ, ಕ್ಯಾಮೆರಾ ಅವನ ಮೇಲೆ ಇಡಿ.

ಮೂರನೆಯದು ಸರಪಳಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ 28 ಜನ ಸತ್ತರು. ಕಟ್ಟಿ ಹಾಕಿದ್ದರು, ಓಡಲು ಆಗಲಿಲ್ಲ. ಅದೇ ವರ್ಷ ನಮ್ಮಲ್ಲಿ 'ಹುಚ್ಚ' ಸಿನಿಮಾದ ಬೋಳು ತಲೆ, ಸರಪಳಿಯ ಪೋಸ್ಟರ್ ಗೋಡೆ ಗೋಡೆ ಮೇಲೆ ಇತ್ತು, ಹುಡುಗರು ಅದೇ ಥರ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಿನಿಮಾದ ತಪ್ಪು ಅನ್ನುತ್ತಿಲ್ಲ, ಸುದೀಪ್ ಚೆನ್ನಾಗಿಯೇ ಮಾಡಿದ್ದಾರೆ. ಸರಪಳಿ ಸ್ಟೈಲ್ ಆಗಿಬಿಡಬಹುದು, ಅದನ್ನು ನೆನಪಿಟ್ಟುಕೊಳ್ಳಿ. ಈಗಿನ ಕಾಯ್ದೆಯ ಪ್ರಕಾರ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ. ನಿಮ್ಮ ಕಥೆಯಲ್ಲಿ ಮನೆಯವರು ಕಟ್ಟಿಹಾಕಿದ್ದಾರೆ ಅಂತಿದ್ದರೆ, ಯಾಕೆ ಅಂತಲೂ ಬರೆಯಿರಿ. ಇಬ್ಬರೂ ಕೂಲಿಗೆ ಹೋಗಬೇಕು, ಮನೆ ಮುಂದೆ ಕೆರೆ ಇದೆ, ಹೋದ ಸಲ ಎರಡು ದಿನ ಸಿಕ್ಕಿರಲಿಲ್ಲ. ತಪ್ಪು ತಪ್ಪೇ. ಆದರೆ ಅದು ರಾಕ್ಷಸರ ತಪ್ಪಲ್ಲ, ಸುಸ್ತಾದವರ ತಪ್ಪು.

ಡಾಕ್ಟರ್ ಪಾತ್ರದ ಬಗ್ಗೆ ಒಂದೇ ಮಾತು. ಅವರನ್ನು ರೋಗಿಯ ಜೊತೆ ಪ್ರೀತಿಗೆ ಬೀಳಿಸಬೇಡಿ. 'ಮಾನಸ ಸರೋವರ'ದಲ್ಲಿ ಪುಟ್ಟಣ್ಣ ಅದನ್ನು ಮಾಡಿ, ಕೊನೆಗೆ ಡಾಕ್ಟರಿಗೇ ಅದರ ಬೆಲೆ ಕಟ್ಟಿಸಿದರು. ಇನ್ನು ಅದರಲ್ಲಿ ಹೊಸದೇನೂ ಉಳಿದಿಲ್ಲ.

ಸದ್ದು, ನಟನೆ

ಕಿರುಚಿತ್ರದವರಿಗೆ ಮಾತ್ರ ಇದು. ಧ್ವನಿ ಕೇಳುವುದನ್ನು ತೋರಿಸುವಾಗ ಎಕೋ ಹಾಕಬೇಡಿ. ಕೇಳುವವರಿಗೆ ಅದು ಪಕ್ಕದ ಕೋಣೆಯಿಂದ ಬಂದಷ್ಟೇ ಸಹಜವಾಗಿರುತ್ತದೆ, ಅದಕ್ಕೇ ನಂಬುತ್ತಾರೆ. ನಿಮ್ಮ ಉಳಿದ ಪಾತ್ರಗಳ ಮಾತನ್ನು ಎಷ್ಟು ಜೋರಿಗೆ ಇಟ್ಟಿದ್ದೀರೋ ಅಷ್ಟೇ ಜೋರು, ಅದೇ ಮೈಕು, ನಮ್ಮದೇ ಕನ್ನಡ. ಬೈಗುಳವೂ ಹಾಸನದ್ದೇ ಇರಲಿ. ನೋಡುವವರಿಗೆ ಯಾವುದು ನಿಜ ಅಂತ ಒಂದು ಕ್ಷಣ ಗೊತ್ತಾಗದಿದ್ದರೆ ಸಾಕು. ಕ್ಯಾಮೆರಾ ಓರೆ ಮಾಡುವುದು, ವೀಣೆ ತಂತಿ ಅಪಸ್ವರ, ಬಲ್ಬು ಮಿಣುಕುವುದು, ಇವನ್ನೆಲ್ಲ ಬಿಟ್ಟುಬಿಡಿ.

ನಟರು ಕೇಳುವ ಮೊದಲ ಪ್ರಶ್ನೆ, "ಸರ್, ಕಣ್ಣು ಹೇಗೆ ಇಟ್ಕೊಳ್ಳಲಿ?" ಕೈಗೆ ಕೆಲಸ ಕೊಡಿ ಅವರಿಗೆ. ಮಾತ್ರೆ ಹಾಳೆಯಿಂದ ಒಂದು ಮಾತ್ರೆ ಒಡೆದು ತೆಗೆಯುವುದು, ಅಂಗಿ ಗುಂಡಿ ಹಾಕುವುದು, ಮೆಣಸು ಬಿಡಿಸುವುದು. ಔಷಧಿಯಿಂದ ಮೈ ಬಿಗಿಯಾದವನ ನಡಿಗೆಯಲ್ಲಿ ತೋಳು ಕಡಿಮೆ ಬೀಸುತ್ತದೆ, ಕೆಲವರಿಗೆ ಕೂತಲ್ಲಿ ಕೂರಲು ಆಗದೆ ಕಾಲು ಅಲ್ಲಾಡಿಸುತ್ತಲೇ ಇರಬೇಕು ಅನ್ನಿಸುತ್ತದೆ. ಇದನ್ನು ಕಾಯಿಲೆ ಅಂದುಕೊಂಡು ಊರಿನವರು ನೋಡುತ್ತಾರೆ, ಅದು ಮಾತ್ರೆಯದ್ದು. ಉನ್ಮಾದ ಇರುವವರನ್ನು ಮಾಡುವುದಾದರೆ ಮೊದಮೊದಲು ಅವರು ಎಲ್ಲರಿಗೂ ಇಷ್ಟವಾಗಬೇಕು. ರಾತ್ರಿ ಎರಡೇ ಗಂಟೆ ನಿದ್ದೆ, ಆದರೂ ಸುಸ್ತಿಲ್ಲ, ಜೋಕು, ಹಾಡು, ಊರಿಗೆಲ್ಲ ಊಟ ಹಾಕಿಸುತ್ತೇನೆ ಅನ್ನುವ ಹುಮ್ಮಸ್ಸು. ವಾರದ ನಂತರ ತೋಟದ ಮೇಲೆ ಸಾಲ ತೆಗೆದದ್ದು ಮನೆಯವರಿಗೆ ಗೊತ್ತಾಗುತ್ತದೆ.

ಪಾತ್ರಗಳು "ಲೂಸು", "ಮೆಂಟಲ್", "ತಿಕ್ಲು" ಅನ್ನಲಿ, ಜನ ಅನ್ನುತ್ತಾರೆ. ನಿರೂಪಕರು ಅನ್ನಬಾರದು. ಕಥೆ ಹೇಳುವ ಧ್ವನಿಯೇ ಅವಳನ್ನು ಹುಚ್ಚಿ ಅಂದರೆ ಓದುವವರಿಗೆ ನಿಲ್ಲಲು ಬೇರೆ ಜಾಗ ಇರುವುದಿಲ್ಲ.

ಕೊಲೆ ಮತ್ತು ಸಾವು

ಟ್ವಿಸ್ಟ್ ಬೇಕು ಅಂತ ಕೊನೆಯಲ್ಲಿ ರೋಗಿಯನ್ನು ಕೊಲೆಗಾರ ಮಾಡುವುದು ಸೋಮಾರಿತನ. ಗಂಭೀರ ಮನೋರೋಗ ಇರುವವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಜಾಸ್ತಿ. ಸಂತೆಯ ದಿನ ಅವರಿಗೆ ಕಲ್ಲು ಹೊಡೆಯುವ ಮಕ್ಕಳನ್ನು, ಮಕ್ಕಳನ್ನು ನೋಡಿ ನಗುವ ದೊಡ್ಡವರನ್ನು ನೋಡಿಲ್ವಾ?

ಆತ್ಮಹತ್ಯೆ ಕಥೆಯಲ್ಲಿ ಬಂದರೆ ಹೇಗೆ ಮಾಡಿಕೊಂಡರು ಅಂತ ತೋರಿಸಬೇಡಿ, ಬರೆಯಲೂ ಬೇಡಿ. ನೋಡಿದವರು ಅನುಕರಿಸುವ ಅಪಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ, ನಾಟಕದವರಿಗಾಗಿಯೇ ಇದರ ಬಗ್ಗೆ ಒಂದು ಕೈಪಿಡಿ ತಂದಿದೆ. ಸಾವೇ ಪರಿಹಾರ ಅನ್ನುವಂತೆ, ಸತ್ತ ಮೇಲೆ ಎಲ್ಲರೂ ಅತ್ತು ಬುದ್ಧಿ ಕಲಿತರು ಅನ್ನುವಂತೆ ಮುಗಿಸಬೇಡಿ. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿ ಉಳಿದವರ ಮೇಲೆ ಪೊಲೀಸ್ ಕೇಸು, ಜೈಲು ಅಂತ ಹಳೇ ಸಿನಿಮಾದ ಥರ ಬರೆಯುವುದೂ ಈಗ ಸರಿಯಲ್ಲ. ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ 115ನೇ ಕಲಂ ಇದೆ. ಕೊನೆಯ ಟೈಟಲ್ ಕಾರ್ಡಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಹಾಕಿ. 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೂರು ಸೆಕೆಂಡು ಸಾಲದು, ಬರೆದುಕೊಳ್ಳುವಷ್ಟು ಹೊತ್ತು ನಿಲ್ಲಿಸಿ.

ಯಾರನ್ನು ಕೇಳಬೇಕು, ಯಾರಿಗೆ ತೋರಿಸಬೇಕು

ಮೊಬೈಲು ಹಿಡಿದುಕೊಂಡು ವಾರ್ಡಿಗೆ ನುಗ್ಗಬೇಡಿ. ಚಿಕಿತ್ಸೆಯಲ್ಲಿರುವವರ ಫೋಟೋ, ವಿವರ ಯಾವುದನ್ನೂ ಅವರ ಒಪ್ಪಿಗೆ ಇಲ್ಲದೆ ಹೊರಗೆ ಬಿಡುವಂತಿಲ್ಲ, ಕಾನೂನೇ ಇದೆ. ಮನೋವೈದ್ಯರು, ಅಲ್ಲಿನ ನರ್ಸುಗಳು, ಸಮಾಜ ಕಾರ್ಯಕರ್ತರು ಬಿಡುವಾದಾಗ ಮಾತಾಡುತ್ತಾರೆ. ಕಾಯಿಲೆ ಬಂದು ಈಗ ಚೆನ್ನಾಗಿರುವವರು ಮಾತಾಡಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅವರೇ ಮುಂದೆ ಬರಬೇಕು. ಕಾಯಿಲೆ ಹೇಗೆ ಬಂತು ಅಂತ ಶುರು ಮಾಡಬೇಡಿ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ಮಾತ್ರೆ ಎಲ್ಲಿ ಇಡುತ್ತೀರಿ, ನೆಂಟರು ಬಂದಾಗ ಅದನ್ನು ಏನು ಮಾಡುತ್ತೀರಿ ಅಂತ ಕೇಳಿ.

ನಮ್ಮ ಊರುಗಳು ಚಿಕ್ಕವು. ಇದು ದೊಡ್ಡ ಸಮಸ್ಯೆ. ಆಲೂರಿನ ಒಂದು ಮನೆಯ ಕಥೆಯನ್ನು ಹೆಸರು ಬದಲಾಯಿಸಿ ಬರೆದರೆ ಮಾರನೇ ದಿನ ಹೋಟೆಲಿನಲ್ಲಿ "ಇದು ಇಂಥವರ ಮಗಳದ್ದೇ ಅಲ್ವಾ" ಅನ್ನುತ್ತಾರೆ. ಆ ಹುಡುಗಿಗೆ ಇನ್ನೂ ಮದುವೆ ಆಗಬೇಕಿರುತ್ತದೆ. ಹೆಸರಷ್ಟೇ ಬದಲಾಯಿಸಿದರೆ ಸಾಲದು. ಊರು, ಕೆಲಸ, ಜಾತಿ, ಅಣ್ಣತಮ್ಮಂದಿರ ಸಂಖ್ಯೆ, ಮನೆ ಇರುವ ದಿಕ್ಕು ಎಲ್ಲ ಬದಲಾಗಲಿ. ಗಂಡನ್ನು ಹೆಣ್ಣು ಮಾಡಿ. ಎರಡು ಮೂರು ಮನೆಗಳಲ್ಲಿ ಕೇಳಿದ್ದನ್ನು ಸೇರಿಸಿ. ತೋಟದ್ದನ್ನು ಅರಸೀಕೆರೆಯ ತೆಂಗಿನ ಸೀಮೆಗೆ ಒಯ್ಯಿರಿ, ಆಗ ಕೆಲಸ, ಕೂಲಿ, ಮಾತು ಎಲ್ಲ ಬದಲಾಗಬೇಕಾಗುತ್ತದೆ, ನಿಮಗೂ ಮೈಬಗ್ಗಿಸಿ ಬರೆಯುವುದು ಅನಿವಾರ್ಯ ಆಗುತ್ತದೆ.

ಬರೆದು ಮುಗಿಸಿದ ಮೇಲೆ, ಶೂಟಿಂಗಿಗೆ ಮೊದಲು, ಮನೆಯಲ್ಲಿ ಇಂಥವರನ್ನು ನೋಡಿಕೊಂಡ ಒಬ್ಬರಿಗಾದರೂ ಸ್ಕ್ರಿಪ್ಟ್ ಓದಿ ಹೇಳಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಎಲ್ಲಿ ಸುಳ್ಳು ಅನ್ನಿಸಿತು ಅಂತ ಕೇಳಿ. "ಅಷ್ಟು ದೊಡ್ಡ ಜಗಳ ಆದ ಮೇಲೆ ಅವರಮ್ಮ ಅಡುಗೆ ಮಾಡಿದ್ದು ತೋರ್ಸಿಲ್ವಲ್ಲ, ಯಾರು ಮಾಡಿದ್ರು ಅವತ್ತು?" ಅನ್ನುವಂಥ ಪ್ರಶ್ನೆ ಬರುತ್ತದೆ. ಬರೆದುಕೊಳ್ಳಿ, ಅದೇ ನಿಮ್ಮ ಮುಂದಿನ ಸೀನು. ಇಡೀ ಕಥೆಯೇ ಬೇಡ, ನಮ್ಮ ಮನೆದು ಅಂತ ಗೊತ್ತಾಗುತ್ತೆ ಅಂದರೆ ಅದನ್ನು ಬಿಟ್ಟು ಬೇರೆ ಬರೆಯಿರಿ. ಖರ್ಚಾಗಿರುವುದು ಇನ್ನೂ ಕಾಗದ ಮಾತ್ರ ತಾನೇ.